ಅತ್ತೆ ಇಡದ ಫೋನು

ಆ ಕಚೇರಿಯಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಅತ್ತೆ ಎಂದೇ. ಮೊದಲು ಹಾಗೆ ಕರೆದವನು ಯಜಮಾನ. ಅವನಿಗೆ ಅವರು ನಿಜವಾಗಿಯೂ ಅಪ್ಪನ ತಂಗಿ. ಅವನ ಬಾಯಿಂದ ಮೆಕ್ಯಾನಿಕ್ಕುಗಳ ಬಾಯಿಗೆ, ಅವರ ಬಾಯಿಂದ ಗಿರಾಕಿಗಳ ಬಾಯಿಗೆ ಹೋಗಿ, ಕೊನೆಗೆ ಪಾರ್ಸೆಲ್ ತರುವವನೂ ಬಾಗಿಲಲ್ಲಿ ನಿಂತು "ಅತ್ತೆ ಇದಾರಾ?" ಎಂದು ಕೇಳುವಂತಾಗಿತ್ತು. "ಹೆತ್ತಿದ್ದು ಒಬ್ಬನೇ ಮಗನ್ನ, ಅಳಿಯಂದಿರಿಗೆ ಮಾತ್ರ ಲೆಕ್ಕ ಇಲ್ಲ," ಎಂದು ಅತ್ತೆ ಗೊಣಗುತ್ತಿದ್ದರು. ಗೊಣಗುವಾಗ ಮುಖ ಮಾತ್ರ ಅರಳಿರುತ್ತಿತ್ತು.

ಕಂಪನಿಯದು ಲಿಫ್ಟು ರಿಪೇರಿಯ ಕೆಲಸ. ಒಂದು ಉದ್ದನೆಯ ಕೋಣೆ. ಹಿಂದೆ ನಟ್ಟು ಬೋಲ್ಟು, ಕೇಬಲ್ಲು, ಸವೆದ ರೋಲರುಗಳು ತುಂಬಿದ ಉಗ್ರಾಣ. ಮುಂದೆ ಗಾಜಿನ ಬಾಗಿಲ ಪಕ್ಕದಲ್ಲಿ ಅತ್ತೆಯ ಮೇಜು. ಊರಿನ ಎಷ್ಟೋ ಕಟ್ಟಡಗಳ ಲಿಫ್ಟುಗಳನ್ನು ಇವರೇ ನೋಡಿಕೊಳ್ಳುತ್ತಿದ್ದರು. ಪ್ರತಿ ಲಿಫ್ಟಿನೊಳಗೂ ಒಂದು ಹಳದಿ ಗುಂಡಿ. ನಡುವೆ ಸಿಕ್ಕಿಕೊಂಡವರು ಅದನ್ನು ಒತ್ತಿದರೆ ಅತ್ತೆಯ ಫೋನು ಬಡಿದುಕೊಳ್ಳುತ್ತಿತ್ತು, ಯಾವ ಕಟ್ಟಡದ್ದು ಎಂಬುದೂ ಅದರಲ್ಲಿ ಮೂಡುತ್ತಿತ್ತು. ಇತ್ತ ಅತ್ತೆ ಫೋನು ಎತ್ತಿದ ಕೂಡಲೇ ಅತ್ತ ಲಿಫ್ಟಿನೊಳಗೆ ಒಂದು ಹಸಿರು ದೀಪ ಹೊತ್ತಿಕೊಳ್ಳುತ್ತಿತ್ತು. ನಿಮ್ಮ ಕರೆ ಮುಟ್ಟಿದೆ ಎಂದು ಅದರ ಅರ್ಥ. ಆದರೆ ದೀಪವನ್ನು ನೋಡುತ್ತ ಕೂರುವ ತಾಳ್ಮೆ ಯಾರಿಗಿರುತ್ತದೆ? ಸಿಕ್ಕಿಕೊಂಡವರಿಗೆ ಬೇಕಾದದ್ದು ಮನುಷ್ಯರ ದನಿ. "ಹೆದರಬೇಡಿ, ನಾನಿದೀನಿ," ಎಂದು ಅತ್ತೆ ಹೇಳಿದರೆ ಅಳುತ್ತಿದ್ದವರು ಮೂಗು ಒರೆಸಿಕೊಂಡು ಸುಮ್ಮನಾಗುತ್ತಿದ್ದರು. ಅಂಥ ದನಿ ಅವರದು. ಆ ಕುರ್ಚಿಯನ್ನು ಅವರು ಯಾರಿಗೂ ಬಿಟ್ಟುಕೊಡುವವರಲ್ಲ.

ಕಿವಿ ಒಂದೇ ದಿನಕ್ಕೆ ಕೈಕೊಟ್ಟದ್ದಲ್ಲ. ಮೊದಲು ತೆಳು ದನಿಗಳು ಹೋದವು: ಮಕ್ಕಳ ಮಾತು, ಹೆಂಗಸರ ಮಾತು, ಕುಕ್ಕರಿನ ಸೀಟಿ. ದಪ್ಪ ಸದ್ದುಗಳು ಮಾತ್ರ ಉಳಿದವು. ಬಾಗಿಲು ಬಡಿದದ್ದು, ಲಾರಿ ಹೋದದ್ದು, ಮೇಜು ತಟ್ಟಿದ್ದು. ಮನೆಯಲ್ಲಿ ಅವರನ್ನು ಕರೆಯಬೇಕಾದರೆ ಯಾರೂ ಕೂಗುತ್ತಿರಲಿಲ್ಲ, ಊಟದ ಮೇಜನ್ನು ಟಕ್ ಟಕ್ ಎಂದು ತಟ್ಟುತ್ತಿದ್ದರು. ಇನ್ನೊಂದು ಅಭ್ಯಾಸವೂ ಅಂಟಿಕೊಂಡಿತ್ತು. ಎದುರಿಗಿರುವವರು ಬಾಯಿ ತೆರೆದದ್ದು ಗೊತ್ತಾಗದೆ ಅತ್ತೆ ತಮ್ಮ ಪಾಡಿಗೆ ಮಾತು ಮುಂದುವರಿಸಿಬಿಡುತ್ತಿದ್ದರು. ಸೊಸೆಗೆ ಅದೊಂದು ತಮಾಷೆ. "ಅತ್ತೆಗೆ ಕೇಳಿಸ್ತಾ ಇಲ್ವಾ ಅಂತ ಕೇಳಲೇಬೇಕಾಗಿಲ್ಲ. ನಾವು ಮಾತಾಡಿದಾಗ ನಿಲ್ಲಿಸಿದ್ರೆ ಕೇಳಿಸಿದೆ, ನಿಲ್ಲಿಸದೇ ಹೋದ್ರೆ ಇಲ್ಲ," ಎನ್ನುತ್ತಿದ್ದಳು.

ಮನೆಯಲ್ಲಿ ನಗಬಹುದಿತ್ತು. ಕಚೇರಿಯಲ್ಲಿ ಅದನ್ನು ಮುಚ್ಚಿಡಬೇಕಿತ್ತು, ಅತ್ತೆ ಮುಚ್ಚಿಟ್ಟರು. ಕೇಳಿಸದಿದ್ದಾಗಲೆಲ್ಲ "ಹೂಂ, ಹೂಂ" ಎನ್ನುವುದನ್ನು ರೂಢಿಸಿಕೊಂಡರು. ಹೂಂಗುಟ್ಟುವುದು ಎಷ್ಟೋ ಸಲ ಹೊಂದಿಕೊಂಡೂ ಹೋಗುತ್ತದೆ. ಆದರೆ ಒಂದು ದಿನ ಲಿಫ್ಟಿನೊಳಗಿಂದ ಯಾರೋ ಹೆಂಗಸು ಉಸಿರು ಕಟ್ಟುತ್ತಿದೆ ಎಂದರೆ ಅತ್ತೆ ಪ್ರೀತಿಯಿಂದ, "ಒಳ್ಳೇದಾಯ್ತು, ಹಾಗೇ ಇರಿ," ಎಂದುಬಿಟ್ಟರು. ಆಕೆಗೆ ಏನೂ ಆಗಲಿಲ್ಲ, ಬಾಗಿಲು ತೆರೆದು ಹೊರಬಂದಳು. ಹೊರಬಂದವಳು ನೇರ ಯಜಮಾನನಿಗೆ ಫೋನು ಮಾಡಿ ಅವನ ಮೈಚಳಿ ಬಿಡಿಸಿದಳು.

ಯಜಮಾನ ಕೆಟ್ಟವನಲ್ಲ. ಅತ್ತೆಯ ಕಂಕುಳಲ್ಲೇ ಬೆಳೆದವನು. ಅವರ ಮೇಜಿನ ಎದುರು ಕೂತು, ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ, ಕೊನೆಗೂ ಬಾಯಿ ಬಿಟ್ಟ. "ಅತ್ತೆ, ಕಿವಿ ತೋರಿಸ್ಕೊಳ್ಳಿ. ಇಲ್ಲಾಂದ್ರೆ ನಾನು ಬೇರೆ ವ್ಯವಸ್ಥೆ ಮಾಡಬೇಕಾಗುತ್ತೆ."

ಕಿವಿ ತೋರಿಸಿದ್ದೂ ಆಯಿತು. ಕಿವಿಯಂತ್ರ ಬಂತು. ಮನೆಮಾತಿಗೆ ಅದು ಸಾಕು, ಫೋನಿಗೆ ಸಾಲದು ಎಂದರು ಕಿವಿ ಡಾಕ್ಟರು. ಆಗ ಸೊಸೆ ಅಲ್ಲಿ ಇಲ್ಲಿ ವಿಚಾರಿಸಿ ಒಂದು ಫೋನು ತಂದಳು. ದಪ್ಪ ಅಂಕಿಗಳು, ಕರೆ ಬಂದರೆ ಮಿನುಗುವ ಬಲ್ಬು, ಸದ್ದನ್ನು ಸಿಕ್ಕಾಪಟ್ಟೆ ಏರಿಸುವ ಒಂದು ತಿರುಗುಗುಂಡಿ, ಮೇಲೆ ಅಂಗೈ ಅಗಲದ ಒಂದು ಪರದೆ. ಆ ಕಡೆಯವರು ಮಾತಾಡಿದ್ದೆಲ್ಲ ಆ ಪರದೆಯ ಮೇಲೆ ಅಕ್ಷರವಾಗಿ ಬರುತ್ತಿತ್ತು. ಒಂದು ಉಸಿರಿನಷ್ಟು ತಡವಾಗಿ, ಅಲ್ಲೊಂದು ಇಲ್ಲೊಂದು ತಪ್ಪಾಗಿ, ಆದರೆ ಬರುತ್ತಿತ್ತು. ಮೊದಲ ಸಲ ಸೊಸೆ ಪಕ್ಕದ ಕೋಣೆಯಿಂದ ಕರೆ ಮಾಡಿ "ಅತ್ತೆ, ಟೀ ಬೇಕಾ?" ಎಂದದ್ದು ಪರದೆಯ ಮೇಲೆ ಮೂಡಿದಾಗ ಅತ್ತೆ ಅದನ್ನು ಎರಡೆರಡು ಸಲ ಓದಿದರು. ಎಷ್ಟು ಕಾಲದ ಮೇಲೆ ಫೋನಿನಲ್ಲಿ ಊಹಿಸದೆ ಉತ್ತರ ಕೊಟ್ಟಿದ್ದರು ಅವರು! "ಬೇಕು," ಎಂದರು, "ಸಕ್ಕರೆ ಜಾಸ್ತಿ ಹಾಕು."

ಫೋನು ಕಚೇರಿಗೆ ಬಂತು. ಅದರ ಜೊತೆ ಅತ್ತೆಯ ಜಂಭವೂ ಬಂತು. ಪರದೆ ಯಾರಿಗೂ ಕಾಣಬಾರದೆಂದು ಮೇಜಿನ ಕ್ಯಾಲೆಂಡರನ್ನು ಅದಕ್ಕೆ ಅಡ್ಡ ಇಟ್ಟರು. ಕೇಳಿದವರಿಗೆಲ್ಲ "ಹೊಸ ಮಾಡೆಲ್ಲು," ಎಂದರು. ಕರೆ ಮಾಡುವವರಿಗೆ ವಿಷಯ ಮೊದಲೇ ಹೇಳಿಬಿಡಬೇಕು, ಆಗ ಅವರು ನಿಧಾನವಾಗಿ ಮಾತಾಡುತ್ತಾರೆ ಎಂದು ಸೊಸೆ ಸಾರಿ ಸಾರಿ ಹೇಳಿದ್ದಳು. ಅತ್ತೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಲಿಫ್ಟಲ್ಲಿ ಸಿಕ್ಕಿಕೊಂಡವನಿಗೆ ಫೋನೆತ್ತಿದವಳು ಕಿವುಡಿ ಅಂತ ಹೇಳಿದರೆ ಅವನ ಜೀವ ಅಲ್ಲೇ ಹೋಗುತ್ತೆ ಎಂದು ವಾದಿಸಿದರು.

ಗುಟ್ಟು ಎಷ್ಟು ದಿನ ನಿಂತೀತು? ಅತ್ತೆ ಕೈ ತೊಳೆಯಲು ಹೋಗಿದ್ದಾಗ ಫೋನು ಮಿನುಗಿತು. ಯಜಮಾನ ಓಡಿ ಬಂದು ಎತ್ತಿ ಕಿವಿಗಿಟ್ಟ. ಸದ್ದಿನ ಗುಂಡಿ ತುತ್ತತುದಿಯಲ್ಲಿತ್ತು. ಆ ಕಡೆಯವನು ಬರೀ "ಹಲೋ" ಎಂದಿದ್ದ, ಅಷ್ಟಕ್ಕೇ ಯಜಮಾನ "ಅಯ್ಯಪ್ಪೋ!" ಎಂದು ಹಾರಿ ಕುರ್ಚಿಯ ಸಮೇತ ಹಿಂದಕ್ಕೆ ಹೋದ. ಉಗ್ರಾಣದಿಂದ ಇಣುಕಿದ ಹಿರಿಯ ಮೆಕ್ಯಾನಿಕ್ಕು, ಸದಾ ಕೈಯೆಲ್ಲ ಕಪ್ಪಾಗಿರುವ ಗ್ರೀಸಪ್ಪ, ಹೊಟ್ಟೆ ಹಿಡಿದು ನಕ್ಕ. ಅಂದಿನಿಂದ ಯಜಮಾನ ಆ ಫೋನನ್ನು ಮುಟ್ಟಿದ್ದಿಲ್ಲ. ಅವನ ಮೇಜಿನ ಮೇಲೆ ಅದೇ ಲೈನಿನ ಇನ್ನೊಂದು ಮಾಮೂಲಿ ಫೋನಿತ್ತು.

ತೊಂದರೆ ಬಂದದ್ದು ಬೇರೆ ದಿಕ್ಕಿನಿಂದ. ಪರದೆಗೆ ಅಕ್ಷರ ಬರುವವರೆಗೆ ಅತ್ತೆ ಸುಮ್ಮನಿರಬೇಕು. ಆ ಸುಮ್ಮನಿರುವುದು ಆಚೆಯವರಿಗೆ ಸೇರುತ್ತಿರಲಿಲ್ಲ. ಅದರಲ್ಲೂ ಒಂದು ದೊಡ್ಡ ವಸತಿ ಕಟ್ಟಡದ ಮ್ಯಾನೇಜರು ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ಮನುಷ್ಯ. ಅಲ್ಲಿ ಹೊಸದಾಗಿ ಬಣ್ಣ ಹೊಡೆಯುವ ಕೆಲಸ ನಡೆಯುತ್ತಿತ್ತು, ಹೋಗಿ ಬರುವವರ ಗದ್ದಲ ಬೇರೆ. ಆ ಕಟ್ಟಡದ ಒಂದು ಲಿಫ್ಟಿನಿಂದ ಆಗಾಗ ಕರೆ ಬರುತ್ತಿತ್ತು, ಎತ್ತಿದರೆ ಯಾರೂ ಮಾತಾಡುತ್ತಿರಲಿಲ್ಲ. ಅತ್ತೆ ಕಾಯುತ್ತಿದ್ದರು, ಪರದೆ ಖಾಲಿ. ಮೂರು ಸಲ ಹಲೋ ಅಂದು ಉತ್ತರ ಬರದಿದ್ದರೆ ಇಟ್ಟುಬಿಡುವುದು ಕಚೇರಿಯ ಪದ್ಧತಿ. ಇರುವುದು ಒಂದೇ ಲೈನು, ಬೇರೆ ಯಾರಾದರೂ ಸಿಕ್ಕಿಕೊಂಡಿದ್ದರೆ? ಹಾಗೆಂದು ಅತ್ತೆಯೂ ಇಡುತ್ತಿದ್ದರು. ಮಕ್ಕಳ ಚೇಷ್ಟೆ ಎಂದು ಮ್ಯಾನೇಜರು ಕೈ ಕೊಡವಿದ. ಅಷ್ಟಕ್ಕೆ ಬಿಡದೆ, "ನಿಮ್ಮಲ್ಲಿ ಫೋನೆತ್ತೋ ಹೆಂಗಸು ನಿದ್ದೆ ಮಾಡ್ತಾರೋ ಹೇಗೆ? ನಾನು ಹೇಳಿದ್ದಕ್ಕೆ ಒಂದು ಯುಗ ಬಿಟ್ಟು ಉತ್ತರ ಬರುತ್ತೆ. ಚುರುಕಾಗಿರೋರನ್ನ ಕೂರಿಸಿ, ಇಲ್ಲಾಂದ್ರೆ ನಾವು ಬೇರೆ ಕಂಪನಿ ನೋಡ್ಕೋತೀವಿ," ಎಂದು ಯಜಮಾನನಿಗೆ ಹೇಳಿದ.

ಯಜಮಾನ ಮತ್ತೆ ಅತ್ತೆಯ ಎದುರು ಬಂದು ಕೂತ. ಮತ್ತೆ ಅದೇ ಪೆನ್ನಿನ ಮುಚ್ಚಳ. ಅತ್ತೆಗೆ ಕೇಳುವ ಮೊದಲೇ ಗೊತ್ತಾಯಿತು.

"ಸೋಮವಾರದಿಂದ ಒಬ್ಬಳು ಹುಡುಗಿ ಬರ್ತಾಳೆ. ನೀವು ಉಗ್ರಾಣ ನೋಡ್ಕೊಳ್ಳಿ ಅತ್ತೆ. ಸಂಬಳ ಅದೇ ಇರುತ್ತೆ. ಓಡಾಟ ಇಲ್ಲ, ತಲೆನೋವಿಲ್ಲ."

"ಬೋಲ್ಟು ಎಣಿಸೋಕಾ?"

"ಹಾಗಲ್ಲ ಅತ್ತೆ..."

"ಹಾಗೇ ಕಣೋ. ಬೋಲ್ಟು ಮಾತಾಡಲ್ಲ, ಅದಕ್ಕೇ ನನ್ನ ಅದರ ಜೊತೆ ಬಿಡ್ತಾ ಇದೀಯ."

ಅವನು ಎದ್ದು ಹೋದ. ಅತ್ತೆ ಮುಖ ಊದಿಸಿಕೊಂಡು ಗಾಜಿನ ಬಾಗಿಲಾಚೆ ನೋಡುತ್ತ ಕೂತರು. ಕಣ್ಣು ತುಂಬಿ ಬಂದರೂ ಒರೆಸಿಕೊಳ್ಳಲಿಲ್ಲ. ಒರೆಸಿಕೊಂಡರೆ ಗ್ರೀಸಪ್ಪ ನೋಡುತ್ತಾನೆ. ಕೆಲಸ ಹೋಗುತ್ತಿಲ್ಲ, ಸಂಬಳ ಹೋಗುತ್ತಿಲ್ಲ, ಆದರೂ ಎಲ್ಲವೂ ಹೋಗುತ್ತಿದೆ ಎನಿಸಿತು. "ನಾನಿದೀನಿ" ಎಂದು ಹೇಳಲು ಇನ್ನು ಯಾರೂ ಇರುವುದಿಲ್ಲ.

ಶುಕ್ರವಾರ ಮಧ್ಯಾಹ್ನ, ಊಟದ ಡಬ್ಬಿ ತೊಳೆದಿಟ್ಟು ಕೂತಾಗ ಬಲ್ಬು ಮಿನುಗಿತು. ಅದೇ ವಸತಿ ಕಟ್ಟಡ, ಅದೇ ಲಿಫ್ಟು.

"ಹಲೋ, ಹೆದರಬೇಡಿ, ನಾನಿದೀನಿ." ಪರದೆ ಖಾಲಿ. "ಹಲೋ?" ಖಾಲಿ.

ಯಜಮಾನ ತನ್ನ ಮೇಜಿನ ಫೋನೆತ್ತಿ ಕೇಳಿ, ತಲೆ ಅಲ್ಲಾಡಿಸಿ ಇಟ್ಟ. ದೂರದಿಂದಲೇ ಕೈಸನ್ನೆ ಮಾಡಿದ. "ಬರೀ ಸುಯ್ ಅಂತಿದೆ. ಮಕ್ಕಳು. ಇಟ್ಟುಬಿಡಿ ಅತ್ತೆ."

ಬೇರೆ ದಿನವಾಗಿದ್ದರೆ ಅತ್ತೆ ಇಟ್ಟಿರುತ್ತಿದ್ದರು. ಇವತ್ತು ಅವರಿಗೆ ಮೈಯೆಲ್ಲ ಹಟ. ಸೋಮವಾರದಿಂದ ಹೇಗೂ ಈ ಫೋನು ತಮ್ಮದಲ್ಲ, ಇನ್ನೊಂದು ಗಳಿಗೆ ಹಿಡಿದುಕೊಂಡರೆ ಯಾರ ಗಂಟು ಹೋಗುತ್ತದೆ? ಸದ್ದಿನ ಗುಂಡಿಯನ್ನು ತುದಿಯವರೆಗೂ ತಿರುಗಿಸಿ, ಕಣ್ಣು ಮುಚ್ಚಿ ಕೂತರು.

ಸುಯ್ ಎನ್ನುವ ಸದ್ದಿನ ತಳದಲ್ಲಿ ಏನೋ ಇತ್ತು. ತೆಳು ಸದ್ದಲ್ಲ, ದಪ್ಪ ಸದ್ದು. ಧಬ್. ಧಬ್. ಧಬ್.

ಅತ್ತೆ ಕಣ್ಣು ಬಿಟ್ಟರು. ಮನೆಯಲ್ಲಿ ದಿನಾ ತಮ್ಮನ್ನು ಕರೆಯುವ ಸದ್ದು ಅದು. ಯಾರೋ ಏನನ್ನೋ ತಟ್ಟುತ್ತಿದ್ದಾರೆ.

"ಯಾರಪ್ಪಾ ಅಲ್ಲಿ? ನನ್ನ ಮಾತು ಕೇಳಿಸ್ತಿದ್ರೆ ತಟ್ಟೋದು ನಿಲ್ಲಿಸಿ!"

ಧಬ್. ಧಬ್. ಧಬ್.

ಇನ್ನೂ ಗಟ್ಟಿಯಾಗಿ ಹೇಳಿದರು. ಉಗ್ರಾಣದೊಳಗಿದ್ದ ಗ್ರೀಸಪ್ಪನೂ ಹೊರಗೆ ಬಂದ. ಆ ಕಡೆಯ ತಟ್ಟುವಿಕೆ ಮಾತ್ರ ನಿಲ್ಲಲೂ ಇಲ್ಲ, ತಡವರಿಸಲೂ ಇಲ್ಲ, ತನ್ನ ಪಾಡಿಗೆ ತಾನು ನಡೆದೇ ಇತ್ತು. ನಾವು ಮಾತಾಡಿದಾಗ ನಿಲ್ಲಿಸದೇ ಹೋದರೆ ಕೇಳಿಸಿಲ್ಲ ಎಂದ ಸೊಸೆಯ ಮಾತು ಅತ್ತೆಗೆ ನೆನಪಾಯಿತು. ಅವರು ಕುರ್ಚಿಯಿಂದ ಎದ್ದು ನಿಂತರು.

"ಏ, ಬಾರೋ ಇಲ್ಲಿ! ಒಳಗೆ ಒಬ್ಬರು ಇದಾರೆ. ಅವರಿಗೆ ಕಿವಿ ಕೇಳಿಸಲ್ಲ!"

ಯಜಮಾನ ಬಂದ. ಅತ್ತೆ ಚಾಚಿದ ಫೋನನ್ನು ಹಾವು ಹಿಡಿದಂತೆ ಹಿಡಿದು, ಕಿವಿಯಿಂದ ಒಂದು ಗೇಣು ದೂರವಿಟ್ಟು ಕೇಳಿದ. ಮೊದಲು ಮುಖ ಸಿಂಡರಿಸಿದ. ಆಮೇಲೆ ಫೋನು ಕಿವಿಗೆ ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಅವನ ಮುಖದ ಬಣ್ಣ ಇಳಿಯಿತು.

"ತಟ್ತಾ ಇದಾರೆ," ಎಂದ. "ಇಷ್ಟು ದಿನದಿಂದ..."

ಅಷ್ಟು ದಿನದಿಂದ ಬಂದ ಖಾಲಿ ಕರೆಗಳೆಲ್ಲ ಮೂವರ ತಲೆಗೂ ಒಟ್ಟಿಗೆ ಬಂದವು. ಲಿಫ್ಟು ನಡುವೆ ನಿಂತಿದೆ, ಒಬ್ಬ ಮನುಷ್ಯ ಗುಂಡಿ ಒತ್ತಿದ್ದಾನೆ, ಹಸಿರು ದೀಪ ಹೊತ್ತಿದೆ, ಅವನ ಜೀವಕ್ಕೆ ಸಮಾಧಾನವಾಗಿದೆ. ಅಷ್ಟರಲ್ಲಿ ಇಲ್ಲಿ ಫೋನು ಇಟ್ಟಿದ್ದಾರೆ. ಅವನು ಆರಿದ ದೀಪವನ್ನು ನೋಡುತ್ತ ನಿಂತಿದ್ದಾನೆ. ಲಿಫ್ಟು ತಾನಾಗಿಯೇ ಹೊರಟಾಗ ಇಳಿದು ಹೋಗಿದ್ದಾನೆ. ಯಾರಿಗೆ ಹೇಳಬೇಕು, ಹೇಗೆ ಹೇಳಬೇಕು? ಇಟ್ಟವರಲ್ಲಿ ತಾವೂ ಒಬ್ಬರು ಎಂದುಕೊಂಡು ಅತ್ತೆ ಯಜಮಾನನ ಕೈಯಿಂದ ಫೋನನ್ನು ವಾಪಸು ಕಿತ್ತುಕೊಂಡರು.

"ಗ್ರೀಸಪ್ಪಾ, ಗಾಡಿ ತೆಗಿ," ಎಂದರು. ಯಜಮಾನ ಹೇಳಬೇಕಾದ ಮಾತನ್ನು ಅವರೇ ಹೇಳಿದರು, ಅವನೂ ಬೇಸರಪಟ್ಟುಕೊಳ್ಳಲಿಲ್ಲ. ಗ್ರೀಸಪ್ಪ ಚೀಲ ಎತ್ತಿಕೊಂಡು ಓಡಿದ.

"ನಾನು ಇದನ್ನ ಇಟ್ಟರೆ ದೀಪ ಆರಿಹೋಗುತ್ತೆ, ಅಲ್ವಾ?"

"ಹೂಂ ಅತ್ತೆ. ಆದರೆ ಇರೋದು ಒಂದೇ ಲೈನು..."

"ಲಿಫ್ಟಿನ ಕರೆಗಳನ್ನೆಲ್ಲ ನಿನ್ನ ಮೊಬೈಲಿಗೆ ತಿರುಗಿಸ್ಕೋ. ನಾನು ಇಡಲ್ಲ. ಆ ದೀಪ ಒಂದೇ ಈಗ ಅವರ ಹತ್ತಿರ ಮಾತಾಡ್ತಾ ಇರೋದು."

ಯಜಮಾನ ಹಾಗೇ ಮಾಡಿದ. ಆಮೇಲೆ ಮೊಬೈಲಿನಿಂದಲೇ ಮ್ಯಾನೇಜರಿಗೆ ಕರೆ ಮಾಡಿ ಲಿಫ್ಟಿನ ಹತ್ತಿರ ಹೋಗಿ ನಿಲ್ಲಲು ಹೇಳಿದ. ಆ ಕಡೆಯಿಂದ ಏನು ಬಂತೋ, ಅತ್ತೆಗೆ ಕೇಳಿಸಲಿಲ್ಲ. ಯಜಮಾನನ ಕತ್ತಿನ ನರ ಉಬ್ಬಿದ್ದು ಮಾತ್ರ ಕಂಡಿತು. ಅವನು ಗಟ್ಟಿಯಾಗಿ, ಅತ್ತೆಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ:

"ಮಕ್ಕಳಲ್ಲ ಸಾರ್. ನನ್ನ ಕಿವಿಗೆ ಕೇಳಿಸಲಿಲ್ಲ, ನಿಮ್ಮ ಕಿವಿಗೂ ಕೇಳಿಸಿಲ್ಲ. ನಮ್ಮತ್ತೆಗೆ ಕೇಳಿಸಿದೆ. ಹೋಗಿ ನಿಲ್ಲಿ."

ಅತ್ತೆ ಮುಖ ಆ ಕಡೆ ತಿರುಗಿಸಿಕೊಂಡರು.

ಕಾಯುವುದು ಅವರಿಗೆ ಗೊತ್ತಿತ್ತು. ಈ ಫೋನು ಅದನ್ನೇ ತಾನೇ ಕಲಿಸಿದ್ದು? ಬಲಗೈ ಸೋತರೆ ಎಡಗೈ, ಎಡಗೈ ಸೋತರೆ ಬಲಗೈ. ಕೇಳಿಸುವುದಿಲ್ಲವೆಂದು ಗೊತ್ತಿದ್ದೂ ಅಭ್ಯಾಸಬಲದಿಂದ ಆಗಾಗ "ನಾನಿದೀನಪ್ಪಾ," ಎನ್ನುತ್ತಿದ್ದರು. ಧಬ್ ಧಬ್ ಎಂಬ ಸದ್ದು ಮೊದಲು ಅವಸರ ಅವಸರವಾಗಿತ್ತು. ಬರಬರುತ್ತ ನಿಧಾನವಾಯಿತು. ದೀಪ ಆರಲಿಲ್ಲವೆಂದು ಅವನಿಗೂ ಧೈರ್ಯ ಬಂದಿರಬೇಕು ಎಂದುಕೊಂಡರು. ಅಷ್ಟರಲ್ಲಿ ಸದ್ದು ಪೂರ್ತಿ ನಿಂತೇಹೋಯಿತು. ಅತ್ತೆ ಕಣ್ಣು ಪರದೆಗೆ ನೆಟ್ಟು ಕೂತರು. ಯಜಮಾನ ಬಂದು ಅವರ ಪಕ್ಕ ನಿಂತ. ಕ್ಯಾಲೆಂಡರು ಅಡ್ಡವಾಗಿ ಅವನಿಗೆ ಏನೂ ಕಾಣುತ್ತಿರಲಿಲ್ಲ. ಅತ್ತೆ ಅದನ್ನು ಎತ್ತಿ ಕಸದ ಬುಟ್ಟಿಯ ಪಕ್ಕಕ್ಕೆ ಎಸೆದರು.

ಅಷ್ಟು ಹೊತ್ತು ಖಾಲಿಯಾಗಿದ್ದ ಪರದೆಯ ಮೇಲೆ ಅಕ್ಷರ ಬಂತು, ಲಿಫ್ಟಿನೊಳಗಿಂದ ಗ್ರೀಸಪ್ಪನ ಮಾತು.

ಅತ್ತೆ ಬಾಗಿಲು ತೆಗೆದೆ. ಒಬ್ಬರೇ ಇದ್ದಾರೆ. ಗೋಡೆ ಮೇಲೆ ನಂಬರ್ ಬರೆಯೋ ಪೇಂಟರ್. ಹುಷಾರಾಗಿದ್ದಾರೆ. ಅತ್ತೆ ಅವರು ದೀಪ ತೋರಿಸುತ್ತಾ ಇದ್ದಾರೆ.

ಯಜಮಾನ ಅದನ್ನು ಓದಿದ. ಇನ್ನೊಮ್ಮೆ, ಬಾಯಿಬಿಟ್ಟು ಓದಿದ. ಓದುತ್ತ ಓದುತ್ತ ಅವನ ದನಿ ಒಡೆಯಿತು. ಚಿಕ್ಕವನಿದ್ದಾಗ ಬಿದ್ದು ಮಂಡಿ ಒಡೆದುಕೊಂಡು ಬಂದರೆ ಇದೇ ದನಿ ಮಾಡುತ್ತಿದ್ದ. ಅತ್ತೆ ಅವನ ಕೈ ಹಿಡಿದುಕೊಂಡರು. ಫೋನು ಆಗಲೂ ಇಡಲಿಲ್ಲ. ಪೇಂಟರು ಲಿಫ್ಟಿನಿಂದ ಹೊರಗೆ ಕಾಲಿಟ್ಟ ಎಂದು ಪರದೆಯ ಮೇಲೆ ಬಂದ ಮೇಲೆಯೇ ಇಟ್ಟರು.

ಮಾರನೆಯ ದಿನ ಬೆಳಿಗ್ಗೆ ಗಾಜಿನ ಬಾಗಿಲನ್ನು ಯಾರೋ ಟಕ್ ಟಕ್ ಎಂದು ತಟ್ಟಿದರು. ನೀಲಿ ಬಣ್ಣ ಮೆತ್ತಿದ ಅಂಗಿ ತೊಟ್ಟ, ನರೆತ ಮೀಸೆಯ ಮನುಷ್ಯ. ಕಿಸೆಯಲ್ಲಿ ಮರದ ಹಿಡಿಯ ದಪ್ಪ ಬ್ರಷ್ಷು. ನಿನ್ನೆ ಲಿಫ್ಟಿನೊಳಗೆ ತಟ್ಟುತ್ತಿದ್ದದ್ದೂ ಅದರಿಂದಲೇ ಇರಬೇಕು. ಗ್ರೀಸಪ್ಪ ಅತ್ತೆಯ ಕಡೆ ಬೆರಳು ತೋರಿಸಿದ. ಪೇಂಟರು ಮೇಜಿನ ಎದುರು ಬಂದು ನಿಂತು, ಬಲಗೈಯನ್ನು ಮುಷ್ಟಿ ಮಾಡಿ ಎತ್ತಿ ಹಿಡಿದ. ಮುಷ್ಟಿ ಅರಳಿಸಿದ, ದೀಪ ಆರಿದಂತೆ ಕೂಡಲೇ ಮುಚ್ಚಿದ. ಮತ್ತೆ ಅರಳಿಸಿದ, ಮತ್ತೆ ಮುಚ್ಚಿದ. ಮುಚ್ಚಿದಾಗಲೆಲ್ಲ ಅವನ ಮುಖವೂ ಮುಚ್ಚಿಕೊಳ್ಳುತ್ತಿತ್ತು. ಆಮೇಲೆ ಇನ್ನೊಮ್ಮೆ ಅರಳಿಸಿ, ಅತ್ತೆಯನ್ನೇ ನೋಡುತ್ತ, ಹಾಗೇ ಹಿಡಿದುಕೊಂಡು ನಿಂತ. ಕೈ ಇಳಿಸಲೇ ಇಲ್ಲ.

ಅತ್ತೆಗೆ ಯಾವ ಪರದೆಯೂ ಬೇಕಾಗಲಿಲ್ಲ. ಅವರೂ ಅಂಗೈ ಅರಳಿಸಿ ಎತ್ತಿ ಹಿಡಿದರು. ತಮ್ಮ ಕಿವಿಯನ್ನು ಮುಟ್ಟಿ ತೋರಿಸಿ, ಇಲ್ಲ ಎಂದು ತಲೆ ಆಡಿಸಿ ನಕ್ಕರು. ಪೇಂಟರು ಕಣ್ಣರಳಿಸಿದ. ಅವರ ಕಿವಿ, ಅವರ ಫೋನು, ಅವರ ಮುಖ, ಒಂದೊಂದನ್ನೂ ನೋಡಿ, ನಗುತ್ತ ಮೇಜನ್ನು ಅಂಗೈಯಿಂದ ಎರಡು ಸಲ ತಟ್ಟಿದ. ಅಷ್ಟು ಹೆಮ್ಮೆ ಅತ್ತೆಗೆ ಬದುಕಿನಲ್ಲಿ ಇನ್ನೆಂದೂ ಆಗಿರಲಿಲ್ಲ. ಕಿವಿ ಮಂದವೆಂದು ಮೊದಲ ಸಲ ತಾವಾಗಿಯೇ ಒಬ್ಬರಿಗೆ ಹೇಳಿದ್ದರು, ನಾಚಿಕೆ ಮಾತ್ರ ಎಲ್ಲಿ ಹುಡುಕಿದರೂ ಸಿಗಲಿಲ್ಲ.

ಅವನು ಹೋದ ಮೇಲೆ ಯಜಮಾನ ಬಂದು ಕೂತ. ಪೆನ್ನಿಗೆ ಕೈ ಹಾಕಲಿಲ್ಲ.

"ಸೋಮವಾರ ಆ ಹುಡುಗಿ ಬರ್ತಾಳೆ ಅತ್ತೆ. ಬರಬೇಡ ಅನ್ನೋಕಾಗಲ್ಲ."

"ಬರಲಿ ಬಿಡು."

"ನಿಮ್ಮ ಪಕ್ಕ ಇನ್ನೊಂದು ಕುರ್ಚಿ ಹಾಕಿಸ್ತೀನಿ. ಕಾಯೋದು ಹೇಗೆ ಅಂತ ಕಲಿಸಿ. ಮೂರು ಹಲೋ ಅಂದು ಇಡೋ ಪದ್ಧತಿ ಇವತ್ತಿಗೆ ಮುಗೀತು. ಮಾತು ಬರದಿದ್ರೆ ಮನುಷ್ಯರು ಇದಾರೆ ಅಂತಲೇ ಲೆಕ್ಕ."

"ಅವಳಿಗೆ ಇಂಥ ಫೋನು ಇರಲ್ವಲ್ಲೋ, ಪಾಪ," ಎಂದರು ಅತ್ತೆ. ಯಜಮಾನ ನಕ್ಕ. ಉಗ್ರಾಣದಿಂದ ಗ್ರೀಸಪ್ಪನೂ ನಕ್ಕಿರಬೇಕು. ಅತ್ತೆಗೆ ಅದು ಕೇಳಿಸಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ.

ಬಲ್ಬು ಮಿನುಗಿತು. ಯಾವುದೋ ಬ್ಯಾಂಕಿನ ಕಟ್ಟಡ. ಅತ್ತೆ ಸೆರಗು ಸರಿಮಾಡಿಕೊಂಡು, ಪರದೆಯನ್ನು ಇಡೀ ಕೋಣೆಗೆ ಕಾಣುವಂತೆ ತಿರುಗಿಸಿಟ್ಟು ಫೋನೆತ್ತಿದರು. ಇಷ್ಟು ದಿನ ಗಂಟಲಲ್ಲೇ ನುಂಗಿಕೊಂಡಿದ್ದ ಮಾತನ್ನು ಗಾಜಿನ ಬಾಗಿಲಾಚೆಗೂ ಹೋಗುವಷ್ಟು ಗಟ್ಟಿಯಾಗಿ ಹೇಳಿದರು:

"ಹೆದರಬೇಡಿ, ನಾನಿದೀನಿ. ನನಗೆ ಕಿವಿ ಮಂದ, ನೀವು ಹೇಳಿದ್ದನ್ನ ಓದಿ ಉತ್ತರ ಕೊಡ್ತೀನಿ. ಸ್ವಲ್ಪ ತಡ ಆಗುತ್ತೆ. ಆದರೆ ನೀವು ಹೊರಗೆ ಬರೋವರೆಗೂ ನಾನು ಇಡಲ್ಲ."